ಅಲಂಕಾರಿಕ ಲೋಹದ ಕೆಲಸ: ನಮ್ಮ ಮಕ್ಕಳಿಗೆ ಇದರಲ್ಲಿ ಮುಂದೆ ಏನುಂಟು?



ಈ ಸಾಲಿನ ವಿದ್ಯಾರ್ಥಿವೇತನ ಸಂದರ್ಶನಕ್ಕೆ ಕಾಪು ಕಡೆಯಿಂದ ಬಂದಿದ್ದ ಒಬ್ಬ ತಾಯಿ, ಮಗನ ಹತ್ತನೇ ತರಗತಿಯ ಅಂಕಪಟ್ಟಿಯನ್ನು ಮೇಜಿನ ಮೇಲಿಟ್ಟು ಸಂಕೋಚದಿಂದಲೇ ಕೇಳಿದರು: “ಇವನು ಗ್ರಿಲ್ ಕೆಲಸ ಕಲಿಯುತ್ತೇನೆ ಅಂತ ಹಠ ಹಿಡಿದಿದ್ದಾನೆ ಸರ್. ಅದಕ್ಕೆಲ್ಲ ನೀವು ಸ್ಕಾಲರ್‌ಶಿಪ್ ಕೊಡ್ತೀರಾ? ಕೊಟ್ಟರೂ ಅದರಲ್ಲಿ ಮುಂದೆ ಏನಾದರೂ ಉಂಟಾ?” ಹುಡುಗ ತಲೆ ತಗ್ಗಿಸಿ ಕೂತಿದ್ದ. ಅವನ ನೋಟ್‌ಬುಕ್ಕಿನ ಕೊನೆಯ ಪುಟಗಳ ತುಂಬ ಗೇಟಿನ, ಕಿಟಕಿ ಜಾಳಿಯ ಚಿತ್ರಗಳಿದ್ದವು. ಮೊದಲ ಪ್ರಶ್ನೆಗೆ ಅಲ್ಲಿಯೇ ಹೌದು ಎಂದೆವು. ಎರಡನೆಯದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳುವಂತಿರಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಲೋಹಕ್ಕೆ ಅಂದ ಕೊಡುವ ಕೆಲಸ ನಮ್ಮ ರಾಜ್ಯದಲ್ಲಿ ಎಷ್ಟು ಎತ್ತರಕ್ಕೆ ಹೋಗಿದೆ ಎಂದು ನೋಡಬೇಕಾದರೆ ಬೀದರಿಗೆ ಹೋಗಬೇಕು. ಬಹಮನಿ ಸುಲ್ತಾನರ ಕಾಲದಿಂದ ಅಲ್ಲಿ ಬಿದರಿ ಕೆಲಸ ನಡೆದು ಬಂದಿದೆ. ಸುಮಾರು 16 ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಕರಗಿಸಿ, ಮಣ್ಣಿನ ಅಚ್ಚಿನಲ್ಲಿ ಹೂದಾನಿ, ಹೂಜಿ, ತಟ್ಟೆಗಳನ್ನು ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡಿದ ಮೇಲೆ ಮೈಲುತುತ್ತದ ನೀರು ಸವರುತ್ತಾರೆ. ಮೈ ಕಪ್ಪಾಗುವುದರಿಂದ ಅದರ ಮೇಲೆ ಚೂಪು ಮೊನೆಯಿಂದ ಎಳೆದ ಗೆರೆ ಚೆನ್ನಾಗಿ ಕಾಣುತ್ತದೆ. ಆ ಗೆರೆಯ ಗುಂಟ ಉಳಿಯಿಂದ ಕೊರೆದು, ಬೆಳ್ಳಿಯ ತಂತಿಯನ್ನೋ ತಗಡನ್ನೋ ಸುತ್ತಿಗೆಯಿಂದ ತಟ್ಟಿ ತಟ್ಟಿ ಕೂರಿಸಬೇಕು. ತಂತಿಯ ಕೆಲಸಕ್ಕೆ ತಾರ್‌ಕಶಿ ಎಂದೂ ತಗಡಿನದಕ್ಕೆ ತಹನಿಶಾನ್ ಎಂದೂ ಹೆಸರು. ಎಲ್ಲ ಮುಗಿದ ಮೇಲೆ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ ಪಾತ್ರೆಗೆ ಹಚ್ಚುತ್ತಾರೆ. ಸತುವಿನ ಭಾಗ ಕಡುಕಪ್ಪಾಗಿ ಹಾಗೆಯೇ ನಿಲ್ಲುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಬಿದರಿಯ ಚೆಲುವು ಇಷ್ಟೇ, ಕಪ್ಪಿನ ಮೇಲೆ ಬೆಳ್ಳಿ.

ಈ ಕಲೆಗೆ 2006ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ಮನೆತನದಿಂದ ಬಂದ ಈ ಕೆಲಸವನ್ನು ಬಿಡದೆ ಮಾಡಿಕೊಂಡು ಬಂದ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆ ಸುದ್ದಿ ಓದಿ ನಾವೆಲ್ಲ ಸಂತೋಷಪಟ್ಟೆವು. ಆದರೆ ಪ್ರಶಸ್ತಿಯ ಮಗ್ಗುಲಲ್ಲೇ ಇನ್ನೊಂದು ಸಂಗತಿಯೂ ಇದೆ. ಬೀದರಿನ ಕುಶಲಕರ್ಮಿಗಳ ಮನೆಯ ಹುಡುಗರು ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಿದ್ದಾರೆ. ಒಂದು ಹೂದಾನಿಗೆ ದಿನಗಟ್ಟಲೆ ಕಣ್ಣು, ಬೆನ್ನು ಸವೆಯಬೇಕು. ಬೆಳ್ಳಿಯ ಬೆಲೆ 2025ರಲ್ಲಿ ಕಿಲೋಗೆ ಒಂದು ಲಕ್ಷ ರೂಪಾಯಿ ದಾಟಿತು. ಕಚ್ಚಾ ಮಾಲಿಗೆ ಹಣ ಹೂಡಿ, ಮಾಲು ಮಾರಾಟವಾಗುವವರೆಗೆ ಕಾಯುವ ಶಕ್ತಿ ಸಣ್ಣ ಕಾರ್ಖಾನೆಯವನಿಗೆ ಎಲ್ಲಿಂದ ಬರಬೇಕು? ಹೀಗಿದ್ದೂ ಬಿದರಿ ಉಳಿದಿರುವುದಕ್ಕೆ ನನಗೆ ಕಾಣುವ ಮುಖ್ಯ ಕಾರಣ ಒಂದು. ಬಿದರಿ ಕೊಳ್ಳಲು ಬಂದವರು ಯಾರೂ ಅದನ್ನು ತಕ್ಕಡಿಗೆ ಹಾಕಿ “ಸತು ಕಿಲೋಗೆ ಎಷ್ಟು?” ಎಂದು ಕೇಳುವುದಿಲ್ಲ. ಅವರು ಕೊಡುವ ದುಡ್ಡು ಕೈಕೆಲಸಕ್ಕೆ.

ಇನ್ನು ನಮ್ಮ ಕರಾವಳಿಗೆ ಬನ್ನಿ. ಉಡುಪಿ, ಮಣಿಪಾಲ, ಕಾಪು, ಕಾರ್ಕಳದಲ್ಲಿ ಅಲಂಕಾರಿಕ ಲೋಹದ ಕೆಲಸ ಎಂದರೆ ಬಹುಪಾಲು ಗೇಟು, ಗ್ರಿಲ್, ಮೆಟ್ಟಿಲಿನ ರೇಲಿಂಗ್, ಬಾಲ್ಕನಿ, ಮಸೀದಿಯ ಕಿಟಕಿಯ ಜಾಳಿ. ಇಲ್ಲಿ ಗಿರಾಕಿ ಕೇಳುವ ಮೊದಲ ಮಾತೇ “ಕೆಜಿಗೆ ಎಷ್ಟು?” ಎಂದು. ಬಳ್ಳಿ ಬಗ್ಗಿಸಿದ್ದಕ್ಕೂ ಅದೇ ದರ, ಸೀದಾ ಪೈಪ್ ಕತ್ತರಿಸಿ ಅಂಟಿಸಿದ್ದಕ್ಕೂ ಅದೇ ದರ. ಹೀಗಾದರೆ ಬಳ್ಳಿ ಬಗ್ಗಿಸುವವನು ಎಷ್ಟು ದಿನ ಬಗ್ಗಿಸಿಯಾನು? ನಾವು ದಾನಿಗಳೂ ಮನೆ ಕಟ್ಟುವಾಗ ಹೀಗೆಯೇ ಕೇಳಿದವರು. ನಾನೂ ಕೇಳಿದ್ದೇನೆ.

ಈಗ ಲೇಸರ್ ಕಟ್ಟಿಂಗ್, ಸಿಎನ್‌ಸಿ ಯಂತ್ರಗಳು ಬಂದಿವೆ. ಕಂಪ್ಯೂಟರಿನಲ್ಲಿ ಬಿಡಿಸಿದ ನಕ್ಷತ್ರ, ಹೂವು, ಅಕ್ಷರ ಏನಿದ್ದರೂ ತಗಡಿನಲ್ಲಿ ನಿಮಿಷಗಳಲ್ಲಿ ಕತ್ತರಿಸಿ ಕೊಡುತ್ತವೆ. ಯಂತ್ರ ಬಂತು, ಇನ್ನು ನಮ್ಮ ಕೆಲಸ ಮುಗಿಯಿತು ಎಂದು ಹಳಬರು ಹೇಳುವುದುಂಟು. ಅರ್ಧ ನಿಜ. ಬರೀ ಕತ್ತರಿಸಿ ಅಂಟಿಸುವವನ ಕೆಲಸವನ್ನು ಯಂತ್ರ ಖಂಡಿತ ತಿನ್ನುತ್ತದೆ. ಆದರೆ ಯಂತ್ರಕ್ಕೆ ಚಿತ್ರ ಕೊಡುವವನು ಬೇಕು. ಎಂಟು ಮೂಲೆಯ ನಕ್ಷತ್ರವನ್ನು ಕೈವಾರ, ಅಡ್ಡಪಟ್ಟಿಯಲ್ಲಿ ಕಾಗದದ ಮೇಲೆ ಬಿಡಿಸಿ ಕಲಿತ ಹುಡುಗನಿಗೆ ಅದನ್ನು ಆಟೋಕ್ಯಾಡ್‌ನಲ್ಲಿ ಬಿಡಿಸುವುದು ಕಷ್ಟವಲ್ಲ. ಎಲ್ಲಿ ಎಷ್ಟು ಅಗಲ ಬಿಟ್ಟರೆ ತಗಡು ಬಾಗುವುದಿಲ್ಲ, ಜಾಳಿಯ ಯಾವ ತುಂಡು ಕತ್ತರಿಸಿದ ಕೂಡಲೇ ಉದುರಿಬಿಡುತ್ತದೆ ಎಂಬುದು ಮಾತ್ರ ಕೈಯಲ್ಲಿ ಲೋಹ ಹಿಡಿದವನಿಗೆ ತಿಳಿಯುತ್ತದೆ. ಚಿತ್ರ, ಕೈ, ಯಂತ್ರ ಮೂರನ್ನೂ ಬಲ್ಲವನು ನಮ್ಮಲ್ಲಿ ವಿರಳ. ಆ ತಾಯಿಯ ಎರಡನೇ ಪ್ರಶ್ನೆಗೆ ನನ್ನ ಉತ್ತರವೂ ಇಲ್ಲೇ ಇದೆ: ವೆಲ್ಡಿಂಗ್ ಒಂದನ್ನೇ ಕಲಿತರೆ ದಿನಗೂಲಿ ಸಿಕ್ಕೀತು, ಚಿತ್ರವನ್ನೂ ಕಲಿತರೆ ಸ್ವಂತ ಉದ್ಯೋಗವಾದೀತು.

ಇನ್ನೊಂದು ವಿಷಯ ನಮ್ಮ ಊರಿಗೇ ಸೇರಿದ್ದು. ಕಾಪುವಿನ ಲೈಟ್‌ಹೌಸ್ ಬಳಿಯ ಮನೆಯ ಗೇಟಿಗೂ ಕಾರ್ಕಳದ ಮನೆಯ ಗೇಟಿಗೂ ಒಂದೇ ಮಾಲು ಹಾಕಿದರೆ ಆಗುವುದಿಲ್ಲ. ಕಡಲಿನ ಉಪ್ಪುಗಾಳಿ ಲೋಹವನ್ನು ತಿನ್ನುತ್ತದೆ. ಅಂಗಡಿಯಲ್ಲಿ “ಸ್ಟೀಲ್” ಎಂದು ಕೊಡುವುದರಲ್ಲಿ ಮೂರು ಬಗೆ ಸಾಮಾನ್ಯ. 202 ನಂಬರಿನದು ಅಗ್ಗ, ಅದರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಕಡಲ ಬದಿಯಲ್ಲಿ ಬೇಗ ಕಂದು ಕಲೆ ಬೀಳುತ್ತದೆ. 304ರಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್. ಒಳನಾಡಿಗೆ ಇದು ಸಾಕು. 316ರಲ್ಲಿ ಇದರ ಜೊತೆಗೆ ಶೇ. 2ರಿಂದ 3 ಮಾಲಿಬ್ಡಿನಂ ಇರುವುದರಿಂದ ಉಪ್ಪಿಗೆ ಚೆನ್ನಾಗಿ ತಡೆಯುತ್ತದೆ, ಬೆಲೆಯೂ ಹೆಚ್ಚು. ಮೂರೂ ಹೊಸದರಲ್ಲಿ ಒಂದೇ ಥರ ಹೊಳೆಯುತ್ತವೆ. ಇಷ್ಟಲ್ಲದೆ, ಸಾದಾ ಕಬ್ಬಿಣಕ್ಕೆ ಬಳಸಿದ ಗ್ರೈಂಡರ್ ಚಕ್ರವನ್ನೇ ಸ್ಟೀಲಿಗೂ ಬಳಸಿದರೆ ಕಬ್ಬಿಣದ ಕಣ ಅಂಟಿಕೊಂಡು ಒಳ್ಳೆಯ ಸ್ಟೀಲೂ ತುಕ್ಕು ತೋರಿಸುತ್ತದೆ. ವೆಲ್ಡಿಂಗ್ ಆದ ಜಾಗದ ನೀಲಿ, ಕಂದು ಬಣ್ಣವನ್ನು ತೆಗೆಯದೆ ಬಿಟ್ಟರೆ ತುಕ್ಕು ಮೊದಲು ಹುಟ್ಟುವುದು ಅಲ್ಲಿಯೇ. ಇದನ್ನು ಗಿರಾಕಿಗೆ ತಿಳಿಸಿ ಹೇಳಬಲ್ಲ ಕೆಲಸಗಾರನಿಗೆ ಕೆಜಿ ಲೆಕ್ಕದ ಚೌಕಾಸಿ ತಾನಾಗಿ ಕಡಿಮೆಯಾಗುತ್ತದೆ. ಐದು ವರ್ಷ ಕಳೆದರೂ ಹೊಳೆಯುವ ರೇಲಿಂಗ್ ನೋಡಿ ಪಕ್ಕದ ಮನೆಯವರು ಅವನ ನಂಬರ್ ಕೇಳುತ್ತಾರೆ.

ಕಲಿಯುವುದು ಎಲ್ಲಿ? ಅಣ್ಣನ ಜೊತೆ, ಮಾವನ ಜೊತೆ ಅಂಗಡಿಯಲ್ಲಿ ನಿಂತು ಕಲಿಯುವುದು ನಮ್ಮ ರೂಢಿ. ಅದು ಒಳ್ಳೆಯದೇ, ಆದರೆ ಕೈಯಲ್ಲಿ ಸರ್ಟಿಫಿಕೇಟ್ ಇರುವುದಿಲ್ಲ. ಗಲ್ಫಿನ ಕಂಪನಿಗಳು ಕೆಲಸದ ಪರೀಕ್ಷೆಯ ಜೊತೆಗೆ ಕಾಗದವನ್ನೂ ಕೇಳುತ್ತವೆ. ಐಟಿಐಯಲ್ಲಿ ವೆಲ್ಡರ್ ಮತ್ತು ಶೀಟ್ ಮೆಟಲ್ ವರ್ಕರ್ ಒಂದು ವರ್ಷದ ಕೋರ್ಸ್, ಎಂಟನೇ ತರಗತಿ ಪಾಸಾದವರೂ ಸೇರಬಹುದು. ಫಿಟ್ಟರ್, ಡ್ರಾಫ್ಟ್ಸ್‌ಮನ್ ಎರಡು ವರ್ಷ, ಎಸ್‌ಎಸ್‌ಎಲ್‌ಸಿ ಬೇಕು. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ದಾರಿಯೂ ಇದೆ. “ಐಟಿಐಗೆ ಹೋದರೆ ಓದು ಅಲ್ಲಿಗೇ ಮುಗಿಯಿತು” ಎಂಬ ಮಾತನ್ನು ಸಂದರ್ಶನದಲ್ಲಿ ಪ್ರತಿ ವರ್ಷ ಕೇಳುತ್ತೇವೆ. ಅದು ಸರಿಯಲ್ಲ. ಚಿತ್ರದಲ್ಲಿ ಒಲವಿರುವ ಹುಡುಗನಾದರೆ ನಾನು ಡ್ರಾಫ್ಟ್ಸ್‌ಮನ್ ಕಡೆಗೇ ಕಳುಹಿಸುತ್ತೇನೆ.

ಕೆತ್ತನೆಯ ಕಡೆ ಮನಸ್ಸಿರುವವರಿಗೆ ಕಾರ್ಕಳದ ಮಿಯಾರಿನಲ್ಲಿ ಕೆನರಾ ಬ್ಯಾಂಕ್ ಪ್ರಾಯೋಜಿತ ಸಿ.ಇ. ಕಾಮತ್ ಕುಶಲಕರ್ಮಿಗಳ ತರಬೇತಿ ಸಂಸ್ಥೆ ಇದೆ. ಉಚಿತವಾಗಿ, ಊಟ ವಸತಿ ಸಹಿತ ಶಿಲ್ಪದ ಕೆಲಸ ಕಲಿಸುತ್ತಾರೆ. ಈ ಸಾಲಿಗೆ ಯಾವ ಯಾವ ವಿಭಾಗಕ್ಕೆ ಪ್ರವೇಶ ಎಂದು ಅಲ್ಲಿಗೇ ಹೋಗಿ ವಿಚಾರಿಸಿ. ಸ್ವಂತ ಅಂಗಡಿ ತೆರೆಯುವ ಯೋಚನೆ ಇದ್ದರೆ ಬ್ರಹ್ಮಾವರದ ರುಡ್‌ಸೆಟ್ ಸಂಸ್ಥೆಯ ಉಚಿತ ತರಬೇತಿಗಳನ್ನೂ ನೋಡಬಹುದು.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ, ಕಮ್ಮಾರರು, ಬೀಗ ತಯಾರಿಸುವವರು ಅದರಲ್ಲಿ ಸೇರಿದ್ದಾರೆ. 18 ವರ್ಷ ತುಂಬಿರಬೇಕು, ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ. ತರಬೇತಿಯ ದಿನಕ್ಕೆ 500 ರೂ. ಭತ್ಯೆ, ಉಪಕರಣಕ್ಕೆ 15,000 ರೂ. ನೆರವು, ಮೇಲೆ ಎರಡು ಕಂತಿನಲ್ಲಿ ಮೂರು ಲಕ್ಷದವರೆಗೆ ಶೇ. 5ರ ಬಡ್ಡಿಯ ಸಾಲ. ಬಡ್ಡಿಯ ಸಾಲ ಬೇಡ ಎನ್ನುವ ಮನೆಗಳು ನಮ್ಮಲ್ಲಿ ಹಲವು, ಅದಕ್ಕಾಗಿಯೇ ಈ ಯೋಜನೆಯ ಕಡೆ ತಿರುಗಿಯೂ ನೋಡದವರಿದ್ದಾರೆ. ಸಾಲ ಕಡ್ಡಾಯವಲ್ಲ. ತರಬೇತಿ, ಉಪಕರಣದ ನೆರವು ಪಡೆದು ಸುಮ್ಮನಿರಬಹುದು.

ದಾನಿಗಳಲ್ಲಿ ಒಂದು ಮಾತು. ಎಂಜಿನಿಯರಿಂಗ್, ನರ್ಸಿಂಗ್ ವಿದ್ಯಾರ್ಥಿಯ ಶುಲ್ಕ ಕಟ್ಟಲು ತಾವು ಕೂಡಲೇ ಮುಂದೆ ಬರುತ್ತೀರಿ, ಅಲ್ಲಾಹನು ಅದನ್ನು ಸ್ವೀಕರಿಸಲಿ. ಐಟಿಐ ಹುಡುಗನಿಗೆ ಶುಲ್ಕಕ್ಕಿಂತ ಹೆಚ್ಚು ಕಷ್ಟವಾಗುವುದು ಬೇರೆ ಖರ್ಚು: ಒಳ್ಳೆಯ ವೆಲ್ಡಿಂಗ್ ಹೆಲ್ಮೆಟ್, ಚರ್ಮದ ಕೈಗವಸು, ಮಾಸ್ಕ್, ಬಸ್ ಚಾರ್ಜು. ಬರಿಗಣ್ಣಲ್ಲಿ ವೆಲ್ಡಿಂಗ್ ನೋಡಿ ರಾತ್ರಿಯಿಡೀ ಕಣ್ಣುರಿಯಿಂದ ನರಳಿದ ಹುಡುಗರು ಪ್ರತಿ ಅಂಗಡಿಯಲ್ಲೂ ಇದ್ದಾರೆ. ಜಿಐ ಪೈಪ್ ವೆಲ್ಡ್ ಮಾಡುವಾಗ ಏಳುವ ಸತುವಿನ ಹೊಗೆ ಕುಡಿದು ಜ್ವರ, ಚಳಿ ಬಂದು ಮಲಗುವವರೂ ಇದ್ದಾರೆ. ಹಾಲು ಕುಡಿದರೆ ಸರಿಹೋಗುತ್ತದೆ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಹಾಲು ಹೊಗೆಯನ್ನು ತಡೆಯುವುದಿಲ್ಲ. ಗಾಳಿಯಾಡುವ ಜಾಗ ಮತ್ತು ಸರಿಯಾದ ಮಾಸ್ಕ್ ಬೇಕು. ದಾವೂದ್ ಅಲೈಹಿಸ್ಸಲಾಂ ಅವರು ಕವಚ ಮಾಡುತ್ತಿದ್ದರು, ಅವರಿಗೆ ಕಬ್ಬಿಣವನ್ನು ಮೆದುವಾಗಿಸಲಾಗಿತ್ತು ಎಂದು ನಾವು ಮದ್ರಸದಲ್ಲಿ ಓದಿದ್ದೇವೆ. ನಮ್ಮ ಹುಡುಗರ ಕೈಯಲ್ಲಿ ಅದು ಗಟ್ಟಿಯಾಗಿಯೇ ಇದೆ, ಕಾವೂ ಜಾಸ್ತಿ. ಒಬ್ಬ ವಿದ್ಯಾರ್ಥಿಯ ರಕ್ಷಣಾ ಸಾಮಗ್ರಿಯ ಹೊಣೆಯನ್ನು ಒಬ್ಬ ದಾನಿ ವಹಿಸಿಕೊಂಡರೂ ದೊಡ್ಡ ಉಪಕಾರ.

ಇನ್ನು ಅರ್ಜಿದಾರರಿಗೆ. ನಮ್ಮ ಅರ್ಜಿ ನಮೂನೆಯಲ್ಲಿ ಐಟಿಐ, ಡಿಪ್ಲೊಮಾ, ಕುಶಲ ತರಬೇತಿಗೆ ಪಿಯುಸಿ, ಪದವಿಯಷ್ಟೇ ಸ್ಥಾನವಿದೆ. ಹೆಣ್ಣುಮಕ್ಕಳೂ ಅರ್ಜಿ ಹಾಕಬಹುದು. ಡ್ರಾಫ್ಟ್ಸ್‌ಮನ್, ವಿನ್ಯಾಸದ ಕೆಲಸವನ್ನು ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡೂ ಮಾಡಬಹುದು. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಪ್ರವೇಶ ಪಡೆದ ರಸೀದಿಯೊಂದಿಗೆ ತಂದೆ ಅಥವಾ ತಾಯಿ ಜೊತೆಯಲ್ಲಿ ಬರಲಿ. ಲೋಹದ ಕೆಲಸಕ್ಕೆ ಹೋಗುವ ಮಕ್ಕಳು ತಾವು ಬಿಡಿಸಿದ ಚಿತ್ರಗಳಿದ್ದರೆ ಅವನ್ನೂ ತರಲಿ, ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿದ್ದರೂ ಪರವಾಗಿಲ್ಲ.