ಸಾಲಿ ಬಿಡಿಸುವ ನಂಬಿಕೆಗಳು

"ದೇವದಾಸಿ ಪದ್ಧತಿ ಈಗೆಲ್ಲೈತ್ರಿ, ಯಾವಾಗೋ ಮುಗದು ಹೋತು" ಎನ್ನುವವರು ವಿಜಯಪುರದಲ್ಲೂ ಇದ್ದಾರೆ, ಬೆಂಗಳೂರಿನಲ್ಲೂ ಇದ್ದಾರೆ. ಮುಗಿದದ್ದು ಕಾಗದದ ಮೇಲೆ, ಅದೂ ಎರಡು ಸಲ. ಮುಂಬೈ ಪ್ರಾಂತ್ಯದ ಭಾಗವಾಗಿದ್ದ ಬಿಜಾಪುರ (ಇಂದಿನ ವಿಜಯಪುರ) ಜಿಲ್ಲೆಗೆ ಈ ಪದ್ಧತಿಯ ವಿರುದ್ಧದ 1934ರ ಕಾಯ್ದೆಯೇ ಅನ್ವಯಿಸುತ್ತಿತ್ತು. ಕರ್ನಾಟಕ ತನ್ನದೇ ನಿಷೇಧ ಕಾಯ್ದೆ ಮಾಡಿದ್ದು 1982ರಲ್ಲಿ. ಅದಾಗಿ ಹತ್ತು ವರ್ಷ ಕಳೆದ ಮೇಲೆ, 1993-94ರ ಸರ್ಕಾರಿ ಸಮೀಕ್ಷೆಗೆ ರಾಜ್ಯದಲ್ಲಿ ಸಿಕ್ಕವರು 22,873 ಮಂದಿ. 2007-08ರ ಎರಡನೇ ಸಮೀಕ್ಷೆ ಮತ್ತೆ 23,787 ಹೆಸರು ಸೇರಿಸಿತು. ಇವರೆಲ್ಲ ಹೊಸದಾಗಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದವರಲ್ಲ, ಮೊದಲ ಪಟ್ಟಿಯಲ್ಲಿ ಬಿಟ್ಟುಹೋದವರೂ ಇದ್ದರು. ಆದರೂ 'ಮುಗಿಯಿತು' ಎನ್ನುವ ಮಾತು ಇಷ್ಟು ಹೆಸರುಗಳ ಮುಂದೆ ನಿಲ್ಲುವುದಿಲ್ಲ. ಯಲ್ಲಮ್ಮ ದೇವಿಯ ಜಾತ್ರೆಯಲ್ಲಿ ಪೊಲೀಸರ ಕಣ್ಣು ಬಿದ್ದ ಮೇಲೆ ಮುತ್ತು ಕಟ್ಟುವುದು ಮನೆಯೊಳಗೆ ಸೇರಿಕೊಂಡಿತು, ಅಷ್ಟೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ದಲಿತ ಕೇರಿಗಳಿಗೆ ಇದು ಹಳೆಯ ಕಥೆಯಲ್ಲ. ಮಳೆ ಕೈಕೊಟ್ಟ ವರ್ಷ ಗೋವಾಕ್ಕೋ ಮಹಾರಾಷ್ಟ್ರಕ್ಕೋ ದುಡಿಯಲು ಹೋಗುವ ಮನೆಗಳಿವು. ಇಂಥ ಮನೆಯ ಹುಡುಗಿ ಏಳನೇ ಇಯತ್ತೆ ದಾಟುವ ಹೊತ್ತಿಗೆ ಅವಳ ಸುತ್ತ ನಂಬಿಕೆಗಳು ಒಂದೊಂದಾಗಿ ಬಂದು ಕೂರುತ್ತವೆ.

ಅವುಗಳಲ್ಲಿ ಹಳೆಯದು ಜಡೆಯದು. ಹುಡುಗಿಯ ಕೂದಲು ಗಂಟುಗಟ್ಟಿ ಹಗ್ಗದಂತಾದರೆ "ಯಲ್ಲಮ್ಮ ಜಡಿ ಕೊಟ್ಟಾಳ, ಆಕಿ ದೇವ್ರಿಗೆ ಬೇಕು" ಎನ್ನುತ್ತಾರೆ. ಅಲ್ಲಿಂದ ಬಾಚಣಿಗೆ ಮುಟ್ಟಿಸುವುದಿಲ್ಲ, ಭಂಡಾರ ಹಚ್ಚಿ ಪೂಜೆ ಮಾಡುತ್ತಾರೆ. ಆಗುವುದು ಇಷ್ಟು: ತಾಯಿ ನಸುಕಿನಲ್ಲೇ ಕೂಲಿಗೆ ಹೋಗುತ್ತಾಳೆ, ನೀರು ದೂರ, ಎಣ್ಣೆ ಬಾಚಣಿಗೆ ವಾರಗಟ್ಟಲೆ ಕಾಣದ ತಲೆಯಲ್ಲಿ ಬೆವರು, ಧೂಳು, ಹೇನು, ಸೀರು ಸೇರಿ ಕೂದಲು ಒಂದಕ್ಕೊಂದು ಅಂಟುತ್ತದೆ. ಭಂಡಾರ ಹಚ್ಚಿದಷ್ಟೂ ಗಂಟು ಬಿಗಿಯಾಗುತ್ತದೆ. ಕತ್ತರಿಸಿದರೆ ರಕ್ತ ಬರುತ್ತದೆ, ಮನೆಗೆ ಕೇಡು ಬರುತ್ತದೆ ಎಂಬ ಹೆದರಿಕೆ ಬೇರೆ. ಕೂದಲಿನಲ್ಲಿ ರಕ್ತವೇ ಇಲ್ಲ. ಒಂದು ಕತ್ತರಿ, ಬಿಸಿನೀರು, ಸಾಬೂನು, ಹೇನಿನ ಔಷಧಿ ಇದ್ದರೆ ಅರ್ಧ ಗಂಟೆಯ ಕೆಲಸ. ನಲ್ಲಿ ನೀರು, ಕೊಬ್ಬರಿ ಎಣ್ಣೆ ಇರುವ ಮನೆಯ ಹೆಣ್ಣುಮಕ್ಕಳಿಗೆ ದೇವಿ ಜಡೆ ಕೊಡುವುದು ಯಾಕೆ ಅಪರೂಪ ಎಂದು ಯಾರೂ ಕೇಳುವುದಿಲ್ಲ.

ಇನ್ನೊಂದು, "ಅಪ್ಪನ ಹೆಸರಿಲ್ಲ, ಸಾಲ್ಯಾಗ ತಗೊಳ್ಳಂಗಿಲ್ಲ." ದಾಖಲಾತಿ ಅರ್ಜಿಯಲ್ಲಿ 'ತಂದೆಯ ಹೆಸರು' ಎಂಬ ಕಾಲಂ ಎದುರು ಪೆನ್ನು ನಿಂತಾಗ, ಮೇಜಿನ ಈಚೆ ನಿಂತ ತಾಯಿ ಸೆರಗು ಸರಿಮಾಡಿಕೊಳ್ಳುತ್ತ ನೆಲ ನೋಡುತ್ತಾಳೆ. ಹಿಂದೆ ನಿಂತ ನಾಲ್ಕು ಜನರ ಮುಂದೆ ಅದನ್ನು ಕೇಳಿಸಿಕೊಂಡವಳು ಮತ್ತೆ ಆ ಬಾಗಿಲಿಗೆ ಬರುವುದು ಕಷ್ಟ. ಆದರೆ ತಾಯಿಯ ಹೆಸರಿನಲ್ಲೇ ಮಗುವನ್ನು ದಾಖಲಿಸಬಹುದು, ಜಾತಿ ಪ್ರಮಾಣಪತ್ರವೂ ತಾಯಿಯ ಜಾತಿಯ ಮೇಲೆ ಸಿಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು, ವರ್ಗಾವಣೆ ಪತ್ರ ತಡವಾಯಿತೆಂದು ಮಗುವನ್ನು ತಿರುಗಿಸಿ ಕಳಿಸುವಂತಿಲ್ಲ. ದುಡಿಯಲು ಹೋಗಿ ನಡುವರ್ಷ ಮರಳಿದ ಮಗುವಿಗೂ ಇದೇ ಮಾತು.

ನನ್ನ ತಕರಾರು ಹೆಚ್ಚಾಗಿ ಇರುವುದು ಹಳ್ಳಿಯವರ ಜೊತೆಗಲ್ಲ, ನಮ್ಮಂಥ ಓದುಬರಹದವರ ಜೊತೆ. "ಆ ಜನಕ್ಕೆ ಅರಿವಿಲ್ಲ, ಹೆಣ್ಣುಮಕ್ಕಳನ್ನು ಓದಿಸುವ ಮನಸ್ಸೇ ಇಲ್ಲ" ಎನ್ನುತ್ತೇವೆ. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ 2014ರಿಂದ 2017ರವರೆಗೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ 80 ಹಳ್ಳಿಗಳಲ್ಲಿ 'ಸಮತಾ' ಹೆಸರಿನ ಅಧ್ಯಯನ ನಡೆಸಿತು. ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯರು ಹತ್ತನೇ ತರಗತಿ ಮುಗಿಸುವಂತೆ, ಬೇಗ ಮದುವೆಯಾಗದಂತೆ 40 ಹಳ್ಳಿಗಳಲ್ಲಿ ಕೆಲಸ ಮಾಡಿ, ಉಳಿದ 40 ಹಳ್ಳಿಗಳೊಂದಿಗೆ ಹೋಲಿಸಿ ನೋಡಿತು. ಕೊನೆಗೆ ಒಟ್ಟಾರೆ ಫಲಿತಾಂಶದಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸಂಸ್ಥೆ ಇದನ್ನು ಮುಚ್ಚಿಡದೆ ಪ್ರಕಟಿಸಿತು, ಅದಕ್ಕೆ ಶಹಬ್ಬಾಸ್ ಎನ್ನಬೇಕು. ನನಗೆ ಮುಖ್ಯವಾಗಿ ಕಂಡದ್ದು ಬೇರೆ: ಆ ಹುಡುಗಿಯರಲ್ಲಿ ನಾಲ್ವರಲ್ಲಿ ಮೂವರು ಹತ್ತನೇ ತರಗತಿ ಮುಗಿಸಿದ್ದರು, ಮದುವೆಯಾಗಿದ್ದವರು ಹತ್ತರಲ್ಲಿ ಒಬ್ಬರು. ಮನಸ್ಸಿಲ್ಲದ ಮನೆಗಳಿಂದ ಇಷ್ಟು ಮಕ್ಕಳು ಬರುತ್ತಾರೆಯೇ?

ಹಾಗಾದರೆ ನಾಲ್ಕನೆಯವಳು ಎಲ್ಲಿ ತಪ್ಪಿಹೋಗುತ್ತಾಳೆ? ಹಲವು ಹಳ್ಳಿಗಳ ಸರ್ಕಾರಿ ಶಾಲೆ ಏಳಕ್ಕೆ, ಇಲ್ಲವೇ ಎಂಟಕ್ಕೆ ಮುಗಿಯುತ್ತದೆ. ಹೈಸ್ಕೂಲು ಪಕ್ಕದ ಊರಲ್ಲಿ. ಹುಡುಗಿ ದೊಡ್ಡವಳಾಗುವುದೂ ಅದೇ ವಯಸ್ಸಿಗೆ, ಮುತ್ತು ಕಟ್ಟಿದ ಮನೆಯಲ್ಲಿ ಅವಳಿಗೊಬ್ಬ ಗಂಡಸನ್ನು ಗೊತ್ತುಮಾಡುವುದೂ ಅದೇ ವಯಸ್ಸಿಗೆ, ಸಾಂಗ್ಲಿ, ಪುಣೆ, ಮುಂಬೈಗೆ 'ಕೆಲಸ ಕೊಡಸ್ತೀನಿ' ಎಂದು ಕರೆಯುವವನು ಬರುವುದೂ ಆಗಲೇ. 2006-07ರಲ್ಲಿ ಶುರುವಾದ ಎಂಟನೇ ತರಗತಿಯ ಸೈಕಲ್ ಯೋಜನೆ ಈ ದಾರಿಗೆ ಹೇಳಿಮಾಡಿಸಿದಂತಿತ್ತು, ಕೋವಿಡ್ ಹೊತ್ತಿಗೆ ನಿಂತುಹೋಯಿತು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ, ಆದರೆ ಬೆಳಗಿನ ಬಸ್ಸು ಊರಿಗೆ ಬಂದರೆ ತಾನೇ? ಓದು ಹುಡುಗಿಯನ್ನು ಕಾಯುವುದು ಪಾಠದಿಂದ ಮಾತ್ರವಲ್ಲ, ಹಾಜರಿ ಪುಸ್ತಕದಿಂದಲೂ. ಹೆಸರು ಅದರಲ್ಲಿರುವ ಹುಡುಗಿ ಎಂಟು ದಿನ ಬಾರದಿದ್ದರೆ ಕೇಳಲು ಒಬ್ಬರಾದರೂ ಇರುತ್ತಾರೆ.

"ಲಗ್ನ ಮಾಡಿಬಿಟ್ರ ಹುಡುಗಿ ಸುರಕ್ಷಿತ" ಎಂಬುದು ದುಡಿಯಲು ಹೋಗುವ ತಂದೆ ತಾಯಿಯ ಭಯದಿಂದ ಹುಟ್ಟಿದ ಮಾತು, ನಗುವಂಥದ್ದಲ್ಲ. ಆದರೆ ಹದಿನೈದರಲ್ಲಿ ಗಂಡನ ಮನೆ ಸೇರಿದವಳು ಎಳೆ ಮೈಯಲ್ಲೇ ಬಸಿರು ಬಾಣಂತನ ಕಾಣುತ್ತಾಳೆ, ಗಂಡ ಬಿಟ್ಟುಹೋದರೆ ಕೈಯಲ್ಲಿ ಹತ್ತನೇ ತರಗತಿಯ ಅಂಕಪಟ್ಟಿಯೂ ಇರುವುದಿಲ್ಲ. ಕರ್ನಾಟಕದಲ್ಲಿ 2017ರಲ್ಲಿ ಜಾರಿಯಾದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಹದಿನೆಂಟು ತುಂಬದ ಹೆಂಡತಿಯೊಡನೆ ದೇಹ ಸಂಬಂಧ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟ್ ಅದೇ ವರ್ಷ ಹೇಳಿದೆ. ಇಂಥ ಮದುವೆಯ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಿ. ಹೆಸರು ಹೇಳಲೇಬೇಕೆಂದಿಲ್ಲ.

ತಂದೆ ತಾಯಿಯ ಆ ಭಯಕ್ಕೆ ನಿಜವಾದ ಉತ್ತರ ವಸತಿ ಶಾಲೆ. ಹೆಣ್ಣುಮಕ್ಕಳಿಗೆಂದೇ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಿವೆ. ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಲ್ಲೂ ಅವರಿಗೆ ಜಾಗವಿದೆ. ಮುಂದೆ ಪದವಿಗೆ ವಿಜಯಪುರದಲ್ಲೇ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಚೆನ್ನಮ್ಮ ಶಾಲೆಯಂಥ ಸರ್ಕಾರಿ ವಸತಿ ಶಾಲೆಗಳ ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಬರೆಯಬೇಕು, ದೇವದಾಸಿಯರ ಮಕ್ಕಳಿಗೆ ವಿಶೇಷ ವರ್ಗದ ಅವಕಾಶವೂ ಉಂಟು. ಆದರೆ ಅರ್ಜಿ ಕರೆಯುವುದು ಸಾಮಾನ್ಯವಾಗಿ ಚಳಿಗಾಲದಲ್ಲಿ. ಕಬ್ಬು ಕಡಿಯಲು ಹೋದ ಮನೆಗಳು ಆಗ ಊರಲ್ಲೇ ಇರುವುದಿಲ್ಲ. ಐದನೇ ತರಗತಿಯ ಮಾಸ್ತರು ದೀಪಾವಳಿಗೆ ಮುಂಚೆಯೇ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿಟ್ಟು, ತಾಯಿಯ ಮೊಬೈಲ್ ನಂಬರು ಬರೆದುಕೊಂಡರೆ ಅರ್ಜಿಯನ್ನು ಅವರೇ ತುಂಬಬಹುದು.