ಗಾಜಿನ ಬಟ್ಟಲಲ್ಲಿ ಘ್ರಾಣೇಂದ್ರಿಯ

ಅಂಬ್ಲಿಗೊಳದ ನಮ್ಮ ಮನೆಯಲ್ಲಿ ಅಡಕೆ ಬೇಯಿಸುವ ಕಾಲ ಬಂದಿತೆಂದರೆ ಹಂಡೆಯಿಂದೇಳುವ ಚೊಗರಿನ ಹಬೆ ಜಗಲಿಯವರೆಗೂ ಹಬ್ಬುತ್ತದೆ. 2021ರ ಜ್ವರದ ಅನಂತರ ಅದು ನನ್ನ ಪಾಲಿಗೆ ಬರಿಯ ಹಬೆಯಾಯಿತು. ಒಲೆಯ ಪಕ್ಕದಲ್ಲೇ ಕುಳಿತಿದ್ದರೂ ಹಾಲು ಸೀದುದು ನನಗೆ ತಿಳಿಯಲಿಲ್ಲ. ಹಿತ್ತಿಲಿನಿಂದ ಓಡಿಬಂದ ನನ್ನ ಪತ್ನಿ ಹೇಳಬೇಕಾಯಿತು. ಕಣ್ಣು ಹೋದವನಿಗೆ ಲೋಕ ಮರುಗುತ್ತದೆ. ಮೂಗು ಸೋತವನನ್ನು ಕಂಡು ನಗುತ್ತದೆ. ನಮ್ಮ ನೆರೆಯ ಬನವಾಸಿಗಾಗಿ ಹಂಬಲಿಸಿದ ಪಂಪನೂ ಆ ಪದ್ಯದಲ್ಲಿ ಮಲ್ಲಿಗೆಯನ್ನು ಕಾಣುವ ಮಾತಾಡಿದನೇ ಹೊರತು ಮೂಸುವ ಮಾತಾಡಲಿಲ್ಲ.

ಗಂಧವು ಪೃಥ್ವಿಯ ಗುಣವೆಂದು ನಮ್ಮ ತಾರ್ಕಿಕರು ಹೇಳಿದರು. ಅದನ್ನು ಗ್ರಹಿಸುವ ಅಂಗವೆಲ್ಲಿದೆ? ಮೂಗಿನ ಗುಹೆಯ ತುತ್ತತುದಿಯಲ್ಲಿ, ಅಂಚೆಚೀಟಿಯಷ್ಟು ಅಗಲದ ಒಂದು ಪೊರೆಯಲ್ಲಿ. ಅಲ್ಲಿರುವ ಲಕ್ಷಾಂತರ ನರಕೋಶಗಳ ಒಂದು ತುದಿ ಶ್ಲೇಷ್ಮದಲ್ಲಿ ಅದ್ದಿಕೊಂಡು ಹೊರಗಿನ ಗಾಳಿಗೆ ಮೈಯೊಡ್ಡಿದೆ. ಇನ್ನೊಂದು ತುದಿಯ ಎಳೆ ಜರಡಿಯಂತಹ ಎಲುಬನ್ನು ತೂರಿ ಮಿದುಳನ್ನು ಮುಟ್ಟುತ್ತದೆ. ಗಂಧವನ್ನು ಹಿಡಿಯುವ ಗ್ರಾಹಕಗಳ ವಂಶವಾಹಿಗಳನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಗುರುತಿಸಿದರು. 2004ರಲ್ಲಿ ಅವರಿಗೆ ನೊಬೆಲ್ ಬಂದಿತು. ಮನುಷ್ಯನಲ್ಲಿ ಇಂಥ ಗ್ರಾಹಕಗಳು ಸುಮಾರು 400 ಬಗೆ. ಒಂದೊಂದು ಕೋಶವೂ ಸಾಮಾನ್ಯವಾಗಿ ಒಂದೇ ಬಗೆಯನ್ನು ಧರಿಸುತ್ತದೆ. ನಮ್ಮವರೂ ಈ ದಾರಿಯಲ್ಲಿ ನಡೆದವರೇ. ಒಬೈದ್ ಸಿದ್ದಿಕಿ ಮತ್ತು ವೆರೋನಿಕಾ ರೊಡ್ರಿಗಸ್ ಅವರು 1970ರ ದಶಕದಲ್ಲಿ ಮುಂಬಯಿಯಲ್ಲಿ ಹಣ್ಣುನೊಣಗಳ ರುಚಿ-ವಾಸನೆಗಳ ತಳಿವಿಚಾರವನ್ನು ಆರಂಭಿಸಿದರು. ಮುಂದೆ ಸಿದ್ದಿಕಿಯವರು ಕಟ್ಟಿದ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ ಆ ಕೆಲಸ ಬೆಳೆಯಿತು.

ಆದರೆ ನೊಣದ ಮಾತು ಬೇರೆ, ಮನುಷ್ಯನ ಮಾತು ಬೇರೆ. ಬದುಕಿರುವವನ ಮಿದುಳನ್ನು ಕೊಯ್ದು ನೋಡಲಾದೀತೆ? ಮೂಗು ಇಲ್ಲಿ ಒಂದು ಕಿಟಕಿ ತೆರೆಯುತ್ತದೆ. ಘ್ರಾಣದ ನರಕೋಶಗಳು ಸಾಯುತ್ತಲೇ ಇರುತ್ತವೆ. ಪೊರೆಯ ಬುಡದಲ್ಲಿರುವ ಮೂಲಕೋಶಗಳು ಬದುಕಿನುದ್ದಕ್ಕೂ ಹೊಸವನ್ನು ಹುಟ್ಟಿಸುತ್ತವೆ. ವೈದ್ಯರು ಮೂಗನ್ನು ಮರಗಟ್ಟಿಸಿ ಅಕ್ಕಿಕಾಳಿನಷ್ಟು ಪೊರೆಯನ್ನು ಚಿವುಟಿ ತೆಗೆಯಬಲ್ಲರು. ಕೋಶಗಳನ್ನು ಬಿಡಿಬಿಡಿಯಾಗಿಸಿ, ಪೋಷಕದ್ರವ ತುಂಬಿದ ಬಟ್ಟಲಲ್ಲಿ 37 ಡಿಗ್ರಿ ಶಾಖದಲ್ಲಿಟ್ಟರೆ ಕೆಲವು ಅಂಟಿಕೊಂಡು ವಿಭಜಿಸುತ್ತವೆ. ವಯಸ್ಕರ ಮೂಗಿನಿಂದ ಪಡೆದ ನರಕೋಶಗಳನ್ನು ಹೀಗೆ ಸತತವಾಗಿ ಬೆಳೆಸಿದ ವರದಿ 1992ರಲ್ಲೇ ಅಮೆರಿಕದಿಂದ ಬಂದಿತು. ಕೋಶಕ್ಕೆ ವಾಸನೆ ತಿಳಿಯಿತೆಂದು ಹೇಗೆ ಅರಿಯುವುದು? ಅದರೊಳಗೆ ಕ್ಯಾಲ್ಸಿಯಂ ಸೋಕಿದರೆ ಬೆಳಗುವ ಬಣ್ಣವನ್ನು ತುಂಬಿ, ದ್ರವಕ್ಕೆ ಗಂಧವಸ್ತುವನ್ನು ಬೆರೆಸುತ್ತಾರೆ. ಗ್ರಾಹಕ ಗಂಧವನ್ನು ಹಿಡಿದರೆ ಕೋಶದ ಬಾಗಿಲು ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಸೂಕ್ಷ್ಮದರ್ಶಕದಡಿ ಬೆಳಕು ಬದಲಾಗುತ್ತದೆ.

ಸಾಲದಿರುವುದೂ ಉಂಟು. ಬಟ್ಟಲಲ್ಲಿ ಹುಟ್ಟಿದವು ಬಹುಮಟ್ಟಿಗೆ ಎಳೆಯವಾಗಿಯೇ ಉಳಿಯುತ್ತವೆ. ಪೊರೆಯ ನೆರೆಹೊರೆ ಅವಕ್ಕಿಲ್ಲ. ಅವು ಬಲಿತರೂ ಸಾಲದು: ಎಳೆಯು ಮಿದುಳಿನಲ್ಲಿ ತನ್ನ ನಿಯತಸ್ಥಾನಕ್ಕೇ ಹೋಗಿ ಸೇರಬೇಕು. ಹೀಗಾಗಿ ಇಂದು ಈ ಬಟ್ಟಲು ಚಿಕಿತ್ಸೆಗಿಂತ ಪರೀಕ್ಷೆಗೆ, ಅದರಲ್ಲೂ ಮಿದುಳಿನ ರೋಗಗಳ ಅಧ್ಯಯನಕ್ಕೆ, ಹೆಚ್ಚು ಒದಗುತ್ತಿದೆ.

ನನ್ನಂಥವರ ಕಥೆಯಲ್ಲಿ ಒಂದು ತಿರುವಿದೆ. ಆ ವೈರಾಣು ಮುಖ್ಯವಾಗಿ ಹಿಡಿದದ್ದು ನರಕೋಶವನ್ನಲ್ಲ, ಅದಕ್ಕೆ ಆಸರೆಯಾದ ಪಕ್ಕದ ಕೋಶವನ್ನೆಂದು 2020ರ ಸಂಶೋಧನೆಗಳು ತೋರಿದವು. ಬೀಜಗಳು ಉಳಿದಿದ್ದುದರಿಂದ ಹಲವರ ಮೂಗು ಮತ್ತೆ ಚಿಗುರಿತು. ಚಿಗುರಿದ ಎಳೆ ದಾರಿ ತಪ್ಪಿದರೆ ವಾಸನೆಯೂ ತಪ್ಪಾಗಬಹುದೆಂದು ತಜ್ಞರು ಊಹಿಸುತ್ತಾರೆ.

ಕಳೆದ ಕಾರ್ತಿಕದಲ್ಲಿ ಜಗಲಿಯಲ್ಲಿ ಕುಳಿತಿದ್ದಾಗ ಚೊಗರಿನ ವಾಸನೆ ಬಂದಂತಾಯಿತು. ಸಂಭ್ರಮದಿಂದ ಒಳಗೆ ಕೂಗಿ ಹೇಳಿದೆ. "ನಮ್ಮ ಹಂಡೆಗೆ ಇನ್ನೂ ಬೆಂಕಿಯನ್ನೇ ಹಚ್ಚಿಲ್ಲ, ಆಚೆಮನೆಯವರು ಬೆಲ್ಲ ಕಾಯಿಸುತ್ತಿದ್ದಾರೆ" ಎಂದಳು ಆಕೆ.