ಓಡದ ಜೀಪಿಗೆ ಯಾವ ಟೈರು?

ಸುಂಡ್‌ಬೀಬರ್ಯ್‌ನಲ್ಲಿ ನೆಲೆಸಿದ ಕನ್ನಡಿಗರಿಗೆ ಯುಗಾದಿ, ದೀಪಾವಳಿಗಳಲ್ಲದೆ ಇನ್ನೆರಡು ಹಬ್ಬಗಳು ವರ್ಷಕ್ಕೊಮ್ಮೆ ತಪ್ಪದೆ ಬರುತ್ತವೆ. ಒಂದು ಚಳಿಗಾಲದ ಟೈರು ಹಾಕಿಸುವ ಹಬ್ಬ, ಇನ್ನೊಂದು ಅದನ್ನು ಬಿಚ್ಚಿಸುವ ಹಬ್ಬ. ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ರಸ್ತೆಯ ಮೇಲೆ ಹಿಮವೋ ಮಂಜುಗಡ್ಡೆಯೋ ಇದ್ದರೆ ಚಳಿಗಾಲದ ಟೈರು ಕಡ್ಡಾಯ. ಅದರ ಬಟನ್ ಕನಿಷ್ಠ 3 ಮಿಲಿಮೀಟರ್ ಆಳವಿರಬೇಕು; ಬೇಸಿಗೆಯ ಟೈರಿಗೆ 1.6 ಮಿಲಿಮೀಟರ್ ಸಾಕು. ಮೊಳೆ ಕೂರಿಸಿದ ಟೈರಿಗೆ ಅಕ್ಟೋಬರ್ 1ರಿಂದ ಏಪ್ರಿಲ್ 15ರವರೆಗೆ ಅನುಮತಿ. ಆದರೆ ಮೊಳೆಗಳು ರಸ್ತೆಯನ್ನು ಕೆರೆದು ಧೂಳೆಬ್ಬಿಸುತ್ತವೆಂದು ಸ್ಟಾಕ್‌ಹೋಮಿನ ಹಾರ್ನ್ಸ್‌ಗಾಟನ್ ಬೀದಿಯಲ್ಲಿ 2010ರಲ್ಲೇ ಅವನ್ನು ನಿಷೇಧಿಸಿದರು. ಬಿಚ್ಚಿದ ಟೈರುಗಳನ್ನು ಇಡಲು ನಮ್ಮ ಫ್ಲ್ಯಾಟುಗಳಲ್ಲಿ ಜಾಗವೆಲ್ಲಿ? ವಿಸ್ತೀರ್ಣದಲ್ಲಿ ಸ್ವೀಡನ್ನಿನ ಅತಿ ಚಿಕ್ಕ ಮುನಿಸಿಪಾಲಿಟಿ ನಮ್ಮದು. ಹಾಗಾಗಿ ಅವು 'ಡೆಕ್‌ಹೋಟೆಲ್', ಅಂದರೆ ಟೈರುಗಳ ಹೋಟೆಲಿನಲ್ಲಿ, ನಾವು ಕೊಟ್ಟ ಬಾಡಿಗೆಯ ಮೇಲೆ ಸುಖವಾಗಿ ತಂಗುತ್ತವೆ. ಊರಿನಿಂದ ಬಂದ ಹಿರಿಯರಿಗೆ ಇದನ್ನು ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಇಲ್ಲಿನ ಟೈರಿಗೆ ಕಾನೂನಿದೆ, ಹೋಟೆಲಿದೆ. ಊರಿನ ಟೈರಿಗೆ ಯಾರಿದ್ದಾರೆ? ಅದನ್ನು ಕುರಿತು ನಾಲ್ಕು ಮಾತು ಬರೆಯೋಣವೆಂದು ಹೊರಟಿದ್ದೇವೆ.

ನಮ್ಮ ಸಂಘದಲ್ಲಿ ಮಲೆನಾಡಿನವರೂ ಕೊಡಗಿನವರೂ ಸುಳ್ಯ-ಪುತ್ತೂರಿನ ಕಡೆಯವರೂ ಸಾಕಷ್ಟಿದ್ದಾರೆ. ಇವರಲ್ಲಿ ಹಲವರ ಮನೆಯ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಒಂದು ಜೀಪು ನಿಂತಿರುತ್ತದೆ. 1940ರ ದಶಕದ ಕೊನೆಯಲ್ಲಿ ಮಹೀಂದ್ರದವರು ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದ ಮೇಲೆ ತೋಟದ ಮನೆಗೂ ಜೀಪಿಗೂ ಬಿದ್ದ ಗಂಟು ಇನ್ನೂ ಬಿಚ್ಚಿಲ್ಲ. ಮಕ್ಕಳು ಪರದೇಶ ಸೇರಿದರು, ಮನೆಯಲ್ಲಿ ಇಬ್ಬರೇ ಹಿರಿಯರು. ಜೀಪು ಗೊಬ್ಬರ ತರಲು, ಅಡಿಕೆ ಮೂಟೆ ಮಂಡಿಗೆ ಹಾಕಲು, ವರ್ಷಕ್ಕೆರಡು ಮದುವೆಗೆ ಹೋಗಲು ಮಾತ್ರ ಹೊರಡುತ್ತದೆ. ಆದರೆ ಆಷಾಢದ ಮಳೆಯಲ್ಲಿ ಕರೆಂಟು ಹೋಗಿ, ಹಳ್ಳ ತುಂಬಿ, ಮಣ್ಣಿನ ದಾರಿ ಕೆಸರಾದ ರಾತ್ರಿ ಆಳಿನ ಮಗನಿಗೆ ಹಾವು ಕಚ್ಚಿತೆಂದೋ, ಲೈನಿನ ಹುಡುಗಿಗೆ ಹೆರಿಗೆ ನೋವು ಬಂತೆಂದೋ ಬಾಗಿಲು ತಟ್ಟಿದರೆ ಆಗ ಆಂಬುಲೆನ್ಸೂ ಅದೇ. ಇಂಥ ಗಾಡಿಗೆ ಟೈರು ಹೇಗೆ ಆರಿಸಬೇಕು?

ಒಂದು ಸಣ್ಣ ಲೆಕ್ಕ

ಜೀಪು ವರ್ಷಕ್ಕೆ 1500 ಕಿಲೋಮೀಟರ್ ಓಡುತ್ತದೆ ಎನ್ನೋಣ. ಟೈರು 40,000 ಕಿಲೋಮೀಟರಿಗೆ ಸವೆಯುತ್ತದೆ ಎಂದು ಹಿಡಿದರೆ ಬಟನ್ ಸವೆಯಲು 26 ವರ್ಷ ಬೇಕು! ಅಷ್ಟು ಕಾಲ ರಬ್ಬರು ಬದುಕುವುದಿಲ್ಲ. ಅಂದಮೇಲೆ 'ಹೆಚ್ಚು ಬಾಳಿಕೆ' ಎಂಬ ಗುಣಕ್ಕೆ ಇಲ್ಲಿ ದುಡ್ಡು ಸುರಿಯುವುದು ವ್ಯರ್ಥ. ಲಾರಿಯವನಿಗೆ ಕಿಲೋಮೀಟರಿಗೆ ಎಷ್ಟು ಪೈಸೆ ಎಂಬುದು ಮುಖ್ಯ. ನಮ್ಮ ಜೀಪಿಗೆ ಒದ್ದೆ ರಸ್ತೆಯಲ್ಲಿ ಹಿಡಿತ ಎಷ್ಟು, ರಬ್ಬರಿನ ವಯಸ್ಸು ಎಷ್ಟು ಎಂಬುದು ಮುಖ್ಯ.

ರಬ್ಬರಿನ ಒಳಗೆ

ರಸಾಯನಶಾಸ್ತ್ರದವರಾದ ನಮಗೆ ಇಲ್ಲಿ ಒಂದೆರಡು ಪ್ಯಾರಾ ಹೆಚ್ಚು ಬರೆಯಲು ಓದುಗರು ಅವಕಾಶ ಕೊಡಬೇಕು.

ಸುಳ್ಯದ ತೋಟದಲ್ಲಿ ಮರದಿಂದ ಇಳಿಯುವ ಹಾಲಿನಲ್ಲಿರುವುದು ಐಸೊಪ್ರೀನ್ ಎಂಬ ಅಣುಗಳ ಬಹು ಉದ್ದದ ಸರಪಳಿ. ಹಸಿ ರಬ್ಬರು ಬಿಸಿಲಿಗೆ ಅಂಟು, ಚಳಿಗೆ ಗಡಸು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಅದಕ್ಕೆ ಗಂಧಕ ಬೆರೆಸಿ ಕಾಯಿಸಿದಾಗ ಸರಪಳಿಗಳ ನಡುವೆ ಗಂಧಕದ ಸೇತುವೆಗಳು ಬಿದ್ದು, ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುವ ವಸ್ತುವಾಯಿತು. ಟೈರನ್ನು ಕಪ್ಪಾಗಿಸಿ ಗಟ್ಟಿ ಮಾಡುವುದು ಇಂಗಾಲದ ಮಸಿ.

ಈ ಸರಪಳಿಯುದ್ದಕ್ಕೂ ಜೋಡಿಬಂಧಗಳಿವೆ. ಅವೇ ಅದರ ದುರ್ಬಲ ಜಾಗ. ಗಾಳಿಯ ಆಮ್ಲಜನಕ ನಿಧಾನವಾಗಿ ಒಳಗಿಳಿದು ಬೇಡದ ಕಡೆಯೆಲ್ಲ ಹೊಸ ಸೇತುವೆ ಕಟ್ಟುತ್ತದೆ. ರಬ್ಬರು ಗಡಸಾಗಿ, ಒದ್ದೆ ರಸ್ತೆಯನ್ನು ಕಚ್ಚುವ ಗುಣ ಕಳೆದುಕೊಳ್ಳುತ್ತದೆ. ಓಜೋನ್ ಇನ್ನೂ ಕ್ರೂರಿ. ಅದು ಹಿಗ್ಗಿ ನಿಂತ ಜಾಗದಲ್ಲಿ ಸರಪಳಿಯನ್ನೇ ಕತ್ತರಿಸುತ್ತದೆ. ಟೈರಿನ ಪಕ್ಕೆಯಲ್ಲಿ ಕಾಣುವ ಕೂದಲೆಳೆಯಂಥ ಬಿರುಕು ಅದರ ಕೈವಾಡ. ನಮ್ಮ ಸುಂಡ್‌ಬೀಬರ್ಯ್‌ನಲ್ಲಿ 1888ರಲ್ಲಿ ಮ್ಯಾಕ್ಸ್ ಸೀವರ್ಟ್ ಸ್ಥಾಪಿಸಿದ ಕೇಬಲ್ ಕಾರ್ಖಾನೆ ಬಹುಕಾಲ ನಡೆಯಿತು. ವಿದ್ಯುತ್ ಕೇಬಲ್ಲಿನ ರಬ್ಬರು ಹೊದಿಕೆಗೂ ಓಜೋನ್ ಹಳೆಯ ಶತ್ರುವೇ.

ತಯಾರಕರು ಇದಕ್ಕೆ ಮದ್ದನ್ನೂ ಬೆರೆಸಿರುತ್ತಾರೆ: ಒಂದು ಬಗೆಯ ಮೇಣ, ಜೊತೆಗೆ 6ಪಿಪಿಡಿಯಂಥ ರಕ್ಷಕ ರಾಸಾಯನಿಕ. ಟೈರು ಉರುಳುವಾಗ, ಬಾಗಿ ನೆಟ್ಟಗಾಗುವಾಗ, ಇವು ಒಳಗಿನಿಂದ ಮೇಲಕ್ಕೆ ಬಂದು ತೆಳುಪದರವಾಗಿ ಹರಡಿಕೊಳ್ಳುತ್ತವೆ. ನಿಂತೇ ಇರುವ ಗಾಡಿಯಲ್ಲಿ ಈ ಪದರ ಹೊಸದಾಗುವುದಿಲ್ಲ. ಆದ್ದರಿಂದ 'ಓಡಿಸದೆ ಇಟ್ಟರೆ ಟೈರು ಉಳಿಯುತ್ತದೆ' ಎಂಬ ಮಾತು ಅರ್ಧ ಸತ್ಯ. ಬಟನ್ ಉಳಿಯುತ್ತದೆ, ಟೈರು ಉಳಿಯುವುದಿಲ್ಲ.

ಇನ್ನು ಸೆಕೆ. ಉಷ್ಣತೆ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುತ್ತದೆಂಬುದು ನಮ್ಮ ಶಾಸ್ತ್ರದ ಸ್ಥೂಲ ನಿಯಮ. ಇಲ್ಲಿಗೂ ಮಲೆನಾಡಿಗೂ ವರ್ಷದ ಸರಾಸರಿಯಲ್ಲಿ 15 ಡಿಗ್ರಿ ಅಂತರ ಹಿಡಿದರೂ ಅಲ್ಲಿ ರಬ್ಬರು ಹತ್ತಿರಹತ್ತಿರ ಮೂರು ಪಟ್ಟು ಬೇಗ ಮುದಿಯಾಗಬೇಕು. ಇದು ಅಂದಾಜಿನ ಲೆಕ್ಕ, ಆದರೆ ದಿಕ್ಕು ತೋರಿಸುತ್ತದೆ.

ಟೈರಿನ ಜಾತಕ

ಟೈರಿನ ವಯಸ್ಸು ತಿಳಿಯಲು ಜ್ಯೋತಿಷಿ ಬೇಡ. ಪಕ್ಕೆಯಲ್ಲಿ ಡಿ.ಒ.ಟಿ. ಎಂಬ ಅಕ್ಷರಗಳಿಂದ ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳೇ ಜಾತಕ. 3811 ಎಂದಿದ್ದರೆ 2011ನೇ ಇಸವಿಯ 38ನೇ ವಾರದಲ್ಲಿ ಹುಟ್ಟಿದ್ದು. ಮೂರೇ ಅಂಕಿಯಿದ್ದರೆ ಅದು 2000ಕ್ಕಿಂತ ಹಿಂದಿನದು, ಕೈಮುಗಿದು ಬಿಚ್ಚಿಸಿಬಿಡಿ. ಎಷ್ಟೋ ಸಲ ಈ ಅಂಕಿಗಳು ಒಂದೇ ಪಕ್ಕೆಯಲ್ಲಿರುತ್ತವೆ, ಅದೂ ಒಳಬದಿಗೆ. ಟಾರ್ಚು ಹಿಡಿದು ಜೀಪಿನಡಿ ನುಸುಳಬೇಕು.

ಕೊಪ್ಪದ ಕಡೆಯ ನಮ್ಮ ಮನೆಯ ಜೀಪಿನ ವಿಷಯಕ್ಕೆ ಫೋನಿನಲ್ಲಿ ನಡೆದ ಚರ್ಚೆ ಹೀಗಿತ್ತು. "ನಿಂದೊಂದು ರಗಳೆ ಮಾರಾಯ. ಬಟನ್ ಹೊಸದರ ಹಾಗೇ ಉಂಟು. ನಿನ್ನ ಅಜ್ಜಯ್ಯನ ಕಾಲದಲ್ಲಿ ಟೈರಿಗೆ ಜಾತಕ ನೋಡ್ತಿದ್ರಾ?" ಎಂದರು ಅಪ್ಪಯ್ಯ. "ಅಜ್ಜಯ್ಯನ ಕಾಲದಲ್ಲಿ ಜೀಪು ದಿನಾ ಓಡ್ತಿತ್ತು ಅಪ್ಪಯ್ಯ, ಟೈರು ಮುದಿಯಾಗೋ ಮೊದಲೇ ಸವೆದು ಹೋಗ್ತಿತ್ತು" ಎಂದೆವು. ಆ ಕಡೆ ಸ್ವಲ್ಪ ಹೊತ್ತು ಮೌನ. ಮಾರನೆಯ ದಿನ ಅವರೇ ಅಂಕಿಗಳನ್ನು ಓದಿ ಹೇಳಿದರು: ನಾಲ್ಕು ಟೈರಿಗೆ ಹನ್ನೊಂದು ವರ್ಷ, ಸ್ಟೆಪ್ನಿಗೆ ಹದಿನಾರು. ಪೇಟೆಯ ಅಂಗಡಿಯೊಂದರಲ್ಲಿ 'ಹೊಸ ಸ್ಟಾಕು, ರಿಯಾಯಿತಿ' ಎಂದು ತೋರಿಸಿದ ಟೈರುಗಳಿಗೆ ಆಗಲೇ ನಾಲ್ಕು ವರ್ಷ ತುಂಬಿತ್ತು. ಜಾತಕ ಓದಲು ಕಲಿತಿದ್ದ ಅಪ್ಪಯ್ಯ ಅವನ್ನು ಮುಟ್ಟದೆ ಬಂದರು.

ಇದು ಅತಿಯಾದ ಎಚ್ಚರವೆನ್ನುವವರು ಇಂಗ್ಲೆಂಡಿನ ಒಂದು ಪ್ರಕರಣ ಕೇಳಬೇಕು. 2012ರ ಸೆಪ್ಟೆಂಬರಿನಲ್ಲಿ ಸಂಗೀತೋತ್ಸವ ಮುಗಿಸಿ ಲಿವರ್‌ಪೂಲಿಗೆ ಹಿಂದಿರುಗುತ್ತಿದ್ದ ಬಸ್ಸಿನ ಮುಂದಿನ ಟೈರು ಸರ್ರೆ ಪ್ರಾಂತದಲ್ಲಿ ಸಿಡಿದು ಮೂವರು ಸತ್ತರು. ಬಟನ್ ಕಾನೂನಿನಂತೆ ಸರಿಯಾಗಿಯೇ ಇತ್ತು. ಟೈರಿನ ವಯಸ್ಸು ಮಾತ್ರ 19 ವರ್ಷ. ಸತ್ತವರಲ್ಲೊಬ್ಬ ಹುಡುಗನಿಗೆ 18. ಅವನ ತಾಯಿ ವರ್ಷಗಟ್ಟಲೆ ಹೋರಾಡಿದರು. ಕಡೆಗೆ 2021ರ ಫೆಬ್ರವರಿ 1ರಿಂದ ಬ್ರಿಟನ್ನಿನಲ್ಲಿ ಬಸ್ಸು-ಲಾರಿಗಳ ಮುಂದಿನ ಆಕ್ಸಲಿಗೆ 10 ವರ್ಷ ಮೀರಿದ ಟೈರು ಹಾಕುವುದು ಅಪರಾಧವಾಯಿತು.

ದೊಡ್ಡ ತಯಾರಕರ ಸಲಹೆಯೂ ಸುಮಾರಾಗಿ ಇದೇ: 5 ವರ್ಷದ ಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ, 10 ವರ್ಷಕ್ಕೆ ಕಡ್ಡಾಯ ನಿವೃತ್ತಿ. ಮಲೆನಾಡಿನ ಸೆಕೆಗೆ, ಘಾಟಿಯ ಇಳಿಜಾರಿಗೆ, 7 ವರ್ಷಕ್ಕೇ ನಿವೃತ್ತಿ ಕೊಡುವುದು ಲೇಸೆಂದು ನಮ್ಮ ಅಭಿಪ್ರಾಯ. ಹಳೆಯ ಟೈರನ್ನು ರೀಸೋಲ್ ಮಾಡಿಸುವುದು ಲಾರಿಗೆ ಸರಿ. ಹತ್ತು ವರ್ಷದ ಮುದಿ ಮೈಗೆ ಹೊಸ ಅಂಗಿ ತೊಡಿಸಿದರೆ ಮೈ ಎಳೆಯದಾಗುವುದಿಲ್ಲ.

ಯಾವ ಬಟನ್?

ಪೇಟೆಯಲ್ಲಿ ಮೂರು ಜಾತಿ ಸಿಗುತ್ತವೆ. ರಸ್ತೆಗೆ ಎಚ್.ಟಿ., ಕೆಸರಿಗೆ ಎಂ.ಟಿ., ಎರಡಕ್ಕೂ ಎ.ಟಿ. ದಪ್ಪ ಹಲ್ಲಿನ ಎಂ.ಟಿ. ನೋಡಲು ಗಂಭೀರ, ಹಲ್ಲುಗಳ ನಡುವಿನ ಅಗಲವಾದ ಸಂದಿನಿಂದ ಕೆಸರು ತಾನೇ ಉದುರುತ್ತದೆ. ಆದರೆ ಅದೇ ಸಂದಿನಿಂದಾಗಿ ಟಾರು ರಸ್ತೆಗೆ ತಾಗುವ ರಬ್ಬರು ಕಡಿಮೆ. ಒದ್ದೆ ಟಾರಿನಲ್ಲಿ ಬ್ರೇಕು ಹಿಡಿದರೆ ನಿಲ್ಲಲು ಹೆಚ್ಚು ದೂರ ಬೇಕು. ನಮ್ಮ ಜೀಪುಗಳ ದಾರಿ ಹೇಗಿದೆ? ಮನೆಯಿಂದ ಒಂದು ಕಿಲೋಮೀಟರ್ ಮಣ್ಣು, ಆಮೇಲೆ ಆಸ್ಪತ್ರೆಯವರೆಗೆ ಇಪ್ಪತ್ತು ಕಿಲೋಮೀಟರ್ ತಿರುವುಗಳ ಟಾರು. ಇಂಥಲ್ಲಿ ಎ.ಟಿ.ಯೇ ಸರಿ. ಮಣ್ಣಿನ ದಾರಿಯೇ ಐದಾರು ಕಿಲೋಮೀಟರಿದ್ದು, ಟಾರು ಕಾಣುವುದೇ ಅಪರೂಪವಾದರೆ ಎಂ.ಟಿ. ಆಗಬಹುದು. ಎಚ್.ಟಿ. ಬೇಡ.

ಅಗಲದ ಮೋಹವೂ ಬೇಡ. ಹಳೆಯ ಜೀಪಿನ 6.00-16 ಅಳತೆಯ ಕಿರಿದಾದ ಟೈರು ಮೇಲಿನ ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲವನ್ನು ಮುಟ್ಟುತ್ತಿತ್ತು. ಗಾಡಿ ತಯಾರಿಸಿದವರು ಹೇಳಿದ ಅಳತೆಯನ್ನೇ ಹಾಕಿಸಿ. ಟ್ಯೂಬಿನ ಟೈರಾದರೆ ಟ್ಯೂಬೂ ಹೊಸದಿರಲಿ.

ನಾಲ್ಕೂ ಒಂದೇ ಇರಲಿ

ಉಳಿತಾಯಕ್ಕೆಂದು ಎರಡನ್ನು ಮಾತ್ರ ಬದಲಿಸುವ ಪದ್ಧತಿ ಕಾರಿಗೆ ನಡೆದೀತು, ಫೋರ್‌ವೀಲ್ ಜೀಪಿಗೆ ನಡೆಯದು. ಲಿವರ್ ಎಳೆದು ಫೋರ್‌ವೀಲ್ ಹಾಕಿದಾಗ ಮುಂದಿನ ಆಕ್ಸಲು, ಹಿಂದಿನ ಆಕ್ಸಲು ಒಂದೇ ವೇಗದಲ್ಲಿ ತಿರುಗುವಂತೆ ಕಟ್ಟಿಹಾಕಿದಂತಾಗುತ್ತದೆ. ಮುಂದೆ ಹೊಸ ಟೈರು, ಹಿಂದೆ ಸವೆದದ್ದು ಇದ್ದರೆ ಸುತ್ತಳತೆ ಬೇರೆಬೇರೆ. ಪ್ರತಿ ಸುತ್ತಿಗೂ ಒಂದು ಮುಂದೆ, ಒಂದು ಹಿಂದೆ. ಕೆಸರಿನಲ್ಲಿ ಚಕ್ರ ಜಾರಿ ಅದನ್ನು ಸರಿಹೊಂದಿಸಿಕೊಳ್ಳುತ್ತದೆ. ಗಟ್ಟಿ ನೆಲದಲ್ಲಿ ಆ ಎಳೆದಾಟವೆಲ್ಲ ಗೇರಿನ ಹಲ್ಲುಗಳ ಮೇಲೆ ಬೀಳುತ್ತದೆ. ಆದ್ದರಿಂದ ಒಂದೇ ಅಳತೆ, ಒಂದೇ ಬಟನ್, ಹತ್ತಿರದ ವಾರಗಳಲ್ಲಿ ಹುಟ್ಟಿದ ಟೈರುಗಳನ್ನು ಒಟ್ಟಿಗೆ ಕೊಳ್ಳಬೇಕು.

ಐದನೆಯದೂ ಅವುಗಳ ಜೊತೆಗೇ ಬರಲಿ. ಸ್ಟೆಪ್ನಿ ಎಂಬ ಹೆಸರು ಬಂದದ್ದು ವೇಲ್ಸಿನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಿಂದ. 1904ರಲ್ಲಿ ಡೇವೀಸ್ ಸಹೋದರರು ಅಲ್ಲಿ ಹೆಚ್ಚುವರಿ ಚಕ್ರ ತಯಾರಿಸಿದರು. ಆ ದೇಶದವರು ಪದವನ್ನು ಮರೆತರೂ ನಾವು ಇಟ್ಟುಕೊಂಡಿದ್ದೇವೆ. ಪದ ಹಳೆಯದಾದರೆ ಚೆನ್ನ, ಟೈರು ಹಳೆಯದಾದರೆ ಅಲ್ಲ. ಐದನ್ನೂ ಸರದಿಯ ಮೇಲೆ ತಿರುಗಿಸಿದರೆ ಎಲ್ಲವೂ ಸಮನಾಗಿ ಸವೆಯುತ್ತವೆ.

ಶೆಡ್ಡಿನ ಆರೈಕೆ

ವಾರಕ್ಕೊಮ್ಮೆ ನಾಲ್ಕೈದು ಕಿಲೋಮೀಟರ್ ಓಡಿಸಬೇಕು; ಮೇಣ ಮೇಲೆ ಬರುತ್ತದೆ, ಬ್ಯಾಟರಿಗೂ ಒಳ್ಳೆಯದು. ಗಾಳಿ ಕಡಿಮೆಯಾಗಲು ಬಿಡಬಾರದು. ಕುಸಿದು ನಿಂತ ಪಕ್ಕೆಯೇ ಓಜೋನಿಗೆ ಇಷ್ಟ. ಬಿಸಿಲು ತಾಗದ ಕಡೆ ನಿಲ್ಲಿಸಬೇಕು. ಅದೇ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡಿಸಬೇಡಿ, ಅದರ ಕಿಡಿ ಓಜೋನನ್ನು ಹುಟ್ಟಿಸುತ್ತದೆ. ಟೈರು ಕರ್ರಗೆ ಹೊಳೆಯಲೆಂದು ಸೀಮೆಎಣ್ಣೆ, ಡೀಸೆಲ್ ಒರೆಸುವ ಡ್ರೈವರುಗಳಿದ್ದಾರೆ. ಎಣ್ಣೆ ರಬ್ಬರನ್ನು ಉಬ್ಬಿಸಿ ಮೇಣವನ್ನು ತೊಳೆದುಹಾಕುತ್ತದೆ. ಸೋಪು ನೀರು ಸಾಕು.

ಇಲ್ಲಿ ಬೇಸಿಗೆ ಮನೆಗೆಂದು ಹಳೆಯ ಫೋರ್‌ವೀಲ್ ಗಾಡಿ ಇಟ್ಟುಕೊಂಡವರಿಗೂ ಒಂದು ಮಾತು. ಮೊಳೆಯಿಲ್ಲದ ಟೈರಿನ ಮೇಲೆ ಎಂ+ಎಸ್ ಎಂದಷ್ಟೇ ಇದ್ದರೆ ಸಾಲದು. 2024ರ ಡಿಸೆಂಬರ್ 1ರಿಂದ ಬೆಟ್ಟದೊಳಗೆ ಹಿಮದ ಹರಳಿನ ಗುರುತಿದ್ದರೆ ಮಾತ್ರ ಅದು ಇಲ್ಲಿ ಚಳಿಗಾಲದ ಟೈರು. ಊರಿನ ಎ.ಟಿ. ಹೊಗಳಿಕೆಯನ್ನು ನಂಬಿ ಇಲ್ಲಿನ ಮಂಜುಗಡ್ಡೆಯ ಮೇಲೆ ಹೊರಡಬೇಡಿ.

ಬಿಚ್ಚಿದ ಹಳೆಯ ಟೈರನ್ನು ಏನು ಮಾಡುವುದು? ತೋಟದಲ್ಲಿ ಸುಡುವುದಂತೂ ಬೇಡ, ಹಳ್ಳಕ್ಕೂ ಎಸೆಯಬೇಡಿ. ಮೇಲೆ ಹೇಳಿದ 6ಪಿಪಿಡಿ ಓಜೋನಿನೊಡನೆ ಸೇರಿ ಆಗುವ ವಸ್ತುವೊಂದು ಮಳೆನೀರಿನಲ್ಲಿ ಹೊಳೆ ಸೇರಿ ಕೋಹೋ ಸಾಲ್ಮನ್ ಮೀನುಗಳನ್ನು ಕೊಲ್ಲುತ್ತದೆಂದು 2020ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದರು. ಟೈರನ್ನು ಕಾಯುವ ಮದ್ದೇ ಮೀನಿಗೆ ವಿಷ. ಅಂಗಡಿಗೇ ಹಿಂದಿರುಗಿಸುವುದು ಮೇಲು. ನೀರು ನಿಂತು ಸೊಳ್ಳೆಯಾಗುವುದೂ ತಪ್ಪುತ್ತದೆ.

ಐದು ಟೈರಿನ ಬೆಲೆಯನ್ನು ಏಳು ವರ್ಷಕ್ಕೆ ಹಂಚಿ ನೋಡಿ. ನಾವಿಲ್ಲಿ ಟೈರಿನ ಹೋಟೆಲಿಗೆ ತೆರುವ ಬಾಡಿಗೆಯನ್ನು ನೆನೆದರೆ ಅದು ದೊಡ್ಡ ಮೊತ್ತವಲ್ಲ. ಮುಂದಿನ ಸಲ ಊರಿಗೆ ಹೋಗುವ ಬಾಂಧವರು ಚಾಕಲೇಟಿನ ಜೊತೆಗೆ ಒಂದು ಟಾರ್ಚು ಒಯ್ಯಿರಿ. ಐದೂ ಟೈರುಗಳ ನಾಲ್ಕು ಅಂಕಿ ಓದಿ, ಶೆಡ್ಡಿನ ಗೋಡೆಯ ಮೇಲೆ ಸುಣ್ಣದಲ್ಲಿ ದೊಡ್ಡದಾಗಿ ಬರೆದಿಟ್ಟು ಬನ್ನಿ. ಮಳೆಗಾಲದ ರಾತ್ರಿ ಆ ಜೀಪು ಹೊರಟಾಗ ಸ್ಟಿಯರಿಂಗ್ ಹಿಡಿದಿರುವವರು ಎಪ್ಪತ್ತು ದಾಟಿದವರು. ನಾವು ಏಳು ಸಾವಿರ ಕಿಲೋಮೀಟರ್ ದೂರದಲ್ಲಿರುತ್ತೇವೆ. ಅವರಿಗೂ ರಸ್ತೆಗೂ ನಡುವೆ ಇರುವುದು ಅಂಗೈಯಗಲದ ನಾಲ್ಕು ತುಂಡು ರಬ್ಬರು.